ಟೀಪಾಯಿ ಮೇಲಿನ ನಕ್ಷೆ ಯಾವ ಕಾಲದ್ದು?

ಪ್ರಶ್ನೆ: ಅಜ್ಜನ ಕಾಲದ ಬೀಟೆ ಮರದ ಟೀಪಾಯಿ ಒಂದು ನಮ್ಮ ಮನೆಯಲ್ಲಿದೆ. ದುಂಡು ಹಲಗೆ, ಮೂರು ಕಾಲು. ಹಲಗೆ ಮೇಲೆ ಬೇರೆ ಬೇರೆ ಬಣ್ಣದ ಮರದ ಚೂರು ಕೂರಿಸಿ ಭಾರತದ ನಕ್ಷೆ ಮಾಡಿದ್ದಾರೆ. ಅಕ್ಷರಗಳೆಲ್ಲ ಬಿಳಿ. ಹಳೇ ಸಾಮಾನು ಕೊಳ್ಳುವವರೊಬ್ಬರು ಬಂದು ‘ಇದು ನೂರೈವತ್ತು ವರ್ಷದ್ದು, ಅರಮನೆ ಮಾಲು’ ಅಂದರು. ನಿಜವೇ? ಪಾಲಿಶ್ ಮಾಡಿಸಬಹುದಾ? ಫೋಟೊ ಕಳಿಸಿದ್ದೇನೆ.
— ತೀರ್ಥಹಳ್ಳಿಯ ಓದುಗರು

ಉತ್ತರ: ಫೋಟೊದಲ್ಲಿ ಎಡಕ್ಕೊಂದು, ಬಲಕ್ಕೊಂದು ಪಾಕಿಸ್ತಾನ ಕಾಣುತ್ತಿದೆ ಸ್ವಾಮಿ. ನೂರೈವತ್ತು ವರ್ಷದ ಹಿಂದಿನ ಬಡಗಿಗೆ ಅದು ಹೇಗೆ ಗೊತ್ತಿತ್ತು ಅಂತ ಆ ವ್ಯಾಪಾರಿಯನ್ನೇ ಕೇಳಬೇಕು. 1947ಕ್ಕಿಂತ ಹಿಂದಿನದಂತೂ ಅಲ್ಲ.

ಇನ್ನೂ ಹತ್ತಿರ ಹೋಗೋಣ. ದಕ್ಷಿಣದಲ್ಲಿ ಮದ್ರಾಸಿನಿಂದ ಬೇರೆಯಾಗಿ ಆಂಧ್ರ ಇದೆ. ಆಂಧ್ರ ರಾಜ್ಯ ಹುಟ್ಟಿದ್ದು 1953ರ ಅಕ್ಟೋಬರ್ 1ರಂದು. ಈಗ ನಮ್ಮ ಮೈಸೂರನ್ನು ನೋಡಿ. ನಿಮ್ಮ ಟೀಪಾಯಿಯಲ್ಲಿ ಅದರ ನೆತ್ತಿಯ ಮೇಲೆ ಒಂದು ಜುಟ್ಟು ಎದ್ದ ಹಾಗಿದೆ, ಅದು ಮೇಲಿನ ಹೈದರಾಬಾದಿಗೆ ತಾಗಿದೆ. ಆ ಜುಟ್ಟೇ ಬಳ್ಳಾರಿ. 1953ಕ್ಕೆ ಮುಂಚೆ ಮೈಸೂರಿಗೂ ಹೈದರಾಬಾದಿಗೂ ಗಡಿಯೇ ಇರಲಿಲ್ಲ, ನಡುವೆ ಮದ್ರಾಸಿಗೆ ಸೇರಿದ ಬಳ್ಳಾರಿ ಜಿಲ್ಲೆ ಕೂತಿತ್ತು. ಆಂಧ್ರ ಹುಟ್ಟಿದ ದಿನವೇ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು, ಉಳಿದ ಬಳ್ಳಾರಿ ಮೈಸೂರಿಗೆ ಬಂತು.

ಇದಕ್ಕಿಂತ ಈಚಿನದಲ್ಲ ಅನ್ನುವ ಇನ್ನೊಂದು ತುದಿಯನ್ನು ಹೇಳುವುದು ಕೊಡಗು. ನಕ್ಷೆಯಲ್ಲಿ ಅದು ಉಗುರಿನಷ್ಟು ಹಳದಿ ಚೂರು, ಬಹುಶಃ ಹಲಸಿನ ಮರ. ಬೇರೆ ರಾಜ್ಯವಾಗಿಯೇ ಇದೆ. ಹೈದರಾಬಾದೂ ಇಡಿಯಾಗಿದೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯವೇ ಹೋಯಿತು, ಕೊಡಗು ಮೈಸೂರಿಗೆ ಸೇರಿತು. ಅಂದರೆ ನಿಮ್ಮ ಟೀಪಾಯಿಯ ಭಾರತ ಬದುಕಿದ್ದು ಮೂರು ವರ್ಷ, ಒಂದು ತಿಂಗಳು ಮಾತ್ರ!

ಇಷ್ಟಕ್ಕೇ ಖುಷಿಪಡಬೇಡಿ. ನಕ್ಷೆಯ ವಯಸ್ಸೇ ಬೇರೆ, ಮರದ ವಯಸ್ಸೇ ಬೇರೆ. ನಾನು ಪಾಲಿಶ್ ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮೇಜು ಬಂದಿತ್ತು. ಅದರಲ್ಲಿ ಬರ್ಮಾ ಭಾರತದೊಳಗೇ ಇತ್ತು. ಬರ್ಮಾ ಬೇರೆಯಾದದ್ದು 1937ರಲ್ಲಿ, ಆದ್ದರಿಂದ ಇದು ಅದಕ್ಕೂ ಹಿಂದಿನದು ಅಂತ ಮಾಲೀಕರ ಎದುರು ಜೋರಾಗಿ ಹೇಳಿಬಿಟ್ಟೆ. ನಮ್ಮ ಮೇಸ್ತ್ರಿ ಮಾತಾಡಲಿಲ್ಲ. ಮೇಜನ್ನು ತಲೆಕೆಳಗು ಮಾಡಿ ತೋರಿಸಿದರು. ಕೆಳಗೆ ಪ್ಲೈವುಡ್, ಅದಕ್ಕೆ ತಲೆಯಲ್ಲಿ ಕೂಡು ಗುರುತಿರುವ ಸ್ಟಾರ್ ಸ್ಕ್ರೂ! ಮೇಜು ಈಚಿನದು. ಇನ್‌ಲೇ ಕೆಲಸದಲ್ಲಿ ಮೊದಲು ಚಿತ್ರವನ್ನು ಕಾಗದದ ಮೇಲೆ ಬರೆದುಕೊಳ್ಳುತ್ತಾರೆ. ಅದರ ಪ್ರಕಾರ ಸಣ್ಣ ಗರಗಸದಲ್ಲಿ ಮರದ ಚೂರು ಕತ್ತರಿಸಿ, ಬೀಟೆಯಲ್ಲಿ ಅಷ್ಟೇ ಗುಳಿ ತೋಡಿ ಕೂರಿಸುತ್ತಾರೆ. ಆ ಕಾಗದ ಚೆನ್ನಾಗಿದ್ದರೆ ಎಷ್ಟು ವರ್ಷ ಬೇಕಾದರೂ ಬಳಸುತ್ತಾರೆ. ದೇಶ ಬದಲಾಯಿತು ಅಂತ ಕಾಗದ ಬಿಸಾಡುವವರು ಯಾರು? ಹಾಗಾಗಿ ‘ಇದಕ್ಕಿಂತ ಹಿಂದಿನದಲ್ಲ’ ಅನ್ನುವುದನ್ನು ನಕ್ಷೆ ಖಚಿತವಾಗಿ ಹೇಳುತ್ತದೆ. ‘ಇದಕ್ಕಿಂತ ಈಚಿನದಲ್ಲ’ ಅನ್ನುವುದಕ್ಕೆ ಕೆಳಗೆ ಬಗ್ಗಿ ನೋಡಬೇಕು.

ನಿಮ್ಮ ಎರಡನೇ ಫೋಟೊದಲ್ಲಿ ತಳ ಕಾಣುತ್ತದೆ. ಗಟ್ಟಿ ಮರ, ಉಜ್ಜುಗೊರಡು ಎಳೆದ ಗುರುತು ಅಲೆಅಲೆಯಾಗಿದೆ, ಸ್ಕ್ರೂ ತಲೆಯಲ್ಲಿ ಒಂದೇ ಗೆರೆ. ಇದೆಲ್ಲ ಆ ಕಾಲಕ್ಕೆ ಹೊಂದುತ್ತದೆ. ಇನ್ನೊಂದು ಪರೀಕ್ಷೆ ನೀವೇ ಮಾಡಿ. ಹತ್ತಿಗೆ ಸ್ವಲ್ಪ ಸ್ಪಿರಿಟ್ ಹಾಕಿ, ಕಾಲಿನ ಒಳಮೈಯಲ್ಲಿ ಕಣ್ಣಿಗೆ ಬೀಳದ ಕಡೆ ಒತ್ತಿ ಹಿಡಿಯಿರಿ. ಅಂಟಂಟಾಗಿ ಕಂದು ಬಣ್ಣ ಹತ್ತಿಗೆ ಬಂದರೆ ಅದು ಅರಗಿನ ಹಳೇ ಪಾಲಿಶ್. ಏನೂ ಬರದಿದ್ದರೆ ಯಾರೋ ಈಚೆಗೆ ಮೆಲಮೈನ್ ಅನ್ನುವ ಹೊಸ ಬಗೆಯ ಪಾಲಿಶ್ ಹೊಡೆಸಿದ್ದಾರೆ ಅಂತ ಲೆಕ್ಕ. ಅರಗಿನದ್ದೇ ಆಗಿದ್ದರೆ ದಯವಿಟ್ಟು ಮೆಷಿನ್ನಲ್ಲಿ ಉಜ್ಜಿಸಬೇಡಿ. ಮೇಲಿನ ಚೂರುಗಳು ತೆಳು, ಕೊಡಗು ಒಂದೇ ಏಟಿಗೆ ಮಾಯವಾದೀತು. ಒಣ ಬಟ್ಟೆಯಲ್ಲಿ ಒರೆಸಿ, ಮೇಲೊಂದು ಕೈ ಅರಗು ಪಾಲಿಶ್ ಕೊಡಿಸಿದರೆ ಸಾಕು.

ಬಿಳಿ ಅಕ್ಷರದ ವಿಷಯ ಸ್ವಲ್ಪ ಗಂಭೀರ. ಭೂತಗನ್ನಡಿ ಹಿಡಿದು ನೋಡಿ. ಎಲ್ಲ ಕಡೆ ಒಂದೇ ಸಮ ಬಿಳಿ ಇದ್ದರೆ ಪ್ಲಾಸ್ಟಿಕ್. ಕಂದು ಚುಕ್ಕೆ, ಸಣ್ಣ ಗೀರು ಇದ್ದರೆ ಮೂಳೆ. ನವುರಾದ ಗೆರೆಗಳು ಒಂದರ ಮೇಲೊಂದು ಅಡ್ಡ ಹಾಯ್ದಿದ್ದರೆ ಆನೆ ದಂತ ಇರಬಹುದು. ಮೈಸೂರಿನ ಇನ್‌ಲೇಯಲ್ಲಿ ಹಿಂದೆ ದಂತ ಬಳಸುತ್ತಿದ್ದರು. ಈಗ ಅದರ ವ್ಯಾಪಾರ ನಿಷೇಧ. ಅಜ್ಜನದು ಅಂದರೂ ಮಾರುವಂತಿಲ್ಲ. ದಂತ ಅನ್ನಿಸಿದರೆ ಆ ವ್ಯಾಪಾರಿಗೆ ಕೊಡುವ ಯೋಚನೆ ಬಿಟ್ಟು ಅರಣ್ಯ ಇಲಾಖೆಯಲ್ಲಿ ಮೊದಲು ವಿಚಾರಿಸಿ.

ಪ್ರಶ್ನೆ: ಅಮೆರಿಕದಲ್ಲಿದ್ದೇನೆ. ಒಬ್ಬರು ಮನೆ ಖಾಲಿ ಮಾಡುವಾಗ ದೊಡ್ಡ ಗ್ಲೋಬ್ ಮಾರುತ್ತಿದ್ದಾರೆ. ಮೇಲ್ಭಾಗ ತೆರೆದರೆ ಒಳಗೆ ಬಾಟಲಿ ಇಡುವ ಜಾಗ. ಸಮುದ್ರದಲ್ಲಿ ರಾಕ್ಷಸ ಮೀನು, ಹಡಗು, ಲ್ಯಾಟಿನ್ ಹೆಸರು. 16ನೇ ಶತಮಾನದ್ದಂತೆ?
— ನ್ಯೂಜೆರ್ಸಿಯ ಓದುಗರು

ಉತ್ತರ: ಮೇಲಿನ ಟೀಪಾಯಿ ಕಥೆಯೇ, ಜಾಸ್ತಿ ನಾಟಕ ಅಷ್ಟೆ. ಹಳೇ ನಕ್ಷೆಯನ್ನು ಕಾಗದದ ಮೇಲೆ ಅಚ್ಚು ಹಾಕಿ ಅಂಟಿಸಿದ ಇಂಥ ಬಾರ್ ಗ್ಲೋಬುಗಳು 20ನೇ ಶತಮಾನದಲ್ಲಿ ಇಟಲಿಯಿಂದ ಬೇಕಾದಷ್ಟು ಬಂದಿವೆ. ಭೂತಗನ್ನಡಿಯಲ್ಲಿ ನೋಡಿ. ಮೀನಿನ ಬಾಲದಲ್ಲಿ ಪತ್ರಿಕೆಯ ಫೋಟೊದಲ್ಲಿರುವಂಥ ಚುಕ್ಕೆಗಳು ಕಂಡರೆ ಮುಗಿಯಿತು. ಕಾಲಿನ ಚಕ್ರ ಪ್ಲಾಸ್ಟಿಕ್ಕಾ ಅಂತಲೂ ನೋಡಿ. ಬಾಟಲಿ ಇಡುವುದಕ್ಕೆ ಬೇಕಾದರೆ ತಗೊಳ್ಳಿ, ಚೆನ್ನಾಗಿರುತ್ತದೆ. 16ನೇ ಶತಮಾನದ ದುಡ್ಡು ಮಾತ್ರ ಕೊಡಬೇಡಿ.