ಶೋರೂಮ್ ಸರ್ವೀಸ್ ಸೆಂಟರನ್ನು ನಂಬಿ ಕಾರು ಬಿಡಬಹುದಾ?

ನಿಮ್ಮ ಪ್ರಶ್ನೆ ಓದಿದೆ. ತುಮಕೂರಿನಲ್ಲಿದ್ದೀರಿ. ಪೆಟ್ರೋಲ್ ಕಾರು, ತಗೊಂಡು ಎರಡು ವರ್ಷ, 20,000 ಕಿಲೋಮೀಟರ್ ಓಡಿದೆ. ಶೋರೂಮ್‌ನವರು ಸರ್ವೀಸಿಗೆ 14,600 ರೂಪಾಯಿ ಎಸ್ಟಿಮೇಟ್ ಕೊಟ್ಟಿದ್ದಾರೆ. ಬ್ರೇಕ್ ಪ್ಯಾಡ್ ಕೂಡ ಸದ್ಯದಲ್ಲೇ ಬದಲಾಯಿಸಬೇಕಾಗುತ್ತೆ ಅಂದಿದ್ದಾರೆ. ಇವರನ್ನು ನಂಬಬಹುದಾ, ಹೊರಗಿನ ಗ್ಯಾರೇಜಿಗೆ ಹೋದರೆ ವಾರಂಟಿ ಹೋಗುತ್ತಾ ಅಂತ ಕೇಳಿದ್ದೀರಿ.

ನಾನು ಶಿವಮೊಗ್ಗದ ಒಂದು ಅಧಿಕೃತ ಸರ್ವೀಸ್ ಸೆಂಟರಿನಲ್ಲಿ ನಾಲ್ಕು ವರ್ಷ ಸರ್ವೀಸ್ ಅಡ್ವೈಸರ್ ಆಗಿದ್ದೆ. ಬಿಟ್ಟು ಆರು ವರ್ಷ ಆಯ್ತು, ಈಗ ಬೆಂಗಳೂರಿನಲ್ಲಿ ಬೇರೆ ಕೆಲಸ. ನನ್ನ ಕಾರನ್ನು ಇವತ್ತಿಗೂ ಅಧಿಕೃತ ಸೆಂಟರಿಗೇ ಬಿಡುತ್ತೇನೆ. ಆದರೆ ಅವರು ಕೊಟ್ಟ ಎಸ್ಟಿಮೇಟಿಗೆ ಹಾಗೇ ಸಹಿ ಹಾಕಿದ್ದು ಒಂದು ಸಲವೂ ಇಲ್ಲ.

ಸರ್ವೀಸ್ ಸೆಂಟರಿನಲ್ಲಿ ನೀವು ನೋಡುವುದು ಮುಂದಿನ ಕೌಂಟರ್. ಎಸಿ, ಸೋಫಾ, ಕಾಫಿ ಮಷಿನ್, ಟ್ಯಾಬ್ ಹಿಡಿದ ಅಡ್ವೈಸರ್. ಕೆಲಸ ನಡೆಯುವುದು ಹಿಂದಿನ ಶೆಡ್ಡಿನಲ್ಲಿ. ಅಲ್ಲಿರುವ ಹುಡುಗರಲ್ಲಿ ತುಂಬಾ ಜನ ಐಟಿಐ ಮುಗಿಸಿ ಬಂದವರು. ದಿನವಿಡೀ ಒಂದೇ ಕಂಪನಿಯ ಕಾರು ಬಿಚ್ಚಿ ಬಿಚ್ಚಿ ಕೈ ಪಳಗಿರುತ್ತದೆ. ಒಂದು ಸಲ ಬರೀ ಆಯಿಲ್ ಸರ್ವೀಸಿಗೆ ಬಂದ ಕಾರು ಲಿಫ್ಟಿನ ಮೇಲಿತ್ತು. ಮೆಕ್ಯಾನಿಕ್ ಹುಡುಗ ಓಡಿ ಬಂದು 'ಸರ್, ಸ್ವಲ್ಪ ಬನ್ನಿ' ಅಂದ. ಮುಂದಿನ ಎಡ ಚಕ್ರದ ಬ್ರೇಕ್ ಹೋಸ್, ಅಂದರೆ ಬ್ರೇಕ್ ಆಯಿಲ್ ಹೋಗುವ ರಬ್ಬರ್ ಪೈಪನ್ನು, ಬಗ್ಗಿಸಿ ತೋರಿಸಿದ. ರಬ್ಬರ್ ಸೀಳಿ ಒಳಗಿನ ನೂಲು ಕಾಣುತ್ತಿತ್ತು. ಆ ಮನೆಯವರು ಸಂಜೆಯೇ ಆಗುಂಬೆ ಇಳಿದು ಉಡುಪಿಗೆ ಹೊರಟಿದ್ದರು. ಹದಿನಾಲ್ಕು ಹೇರ್‌ಪಿನ್ ತಿರುವು, ಮಳೆಗಾಲ ಬೇರೆ. ಆ ಹೋಸನ್ನು ನೋಡು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಅದನ್ನು ಹುಡುಕಿದ್ದಕ್ಕೆ ಅವನ ಸಂಬಳದಲ್ಲಿ ಒಂದು ರೂಪಾಯಿಯೂ ಜಾಸ್ತಿ ಆಗಲಿಲ್ಲ. ಶೆಡ್ಡಿನ ಮೇಲೆ ನನಗೆ ನಂಬಿಕೆ ಇರುವುದು ಇಂಥ ಹುಡುಗರಿಂದ.

ಕೌಂಟರಿನ ಕಥೆ ಬೇರೆ. ಹೊಸ ಕಾರು ಮಾರಿದರೆ ಡೀಲರಿಗೆ ಉಳಿಯುವುದು ಕಡಿಮೆ. ಶೋರೂಮಿನ ಬಾಡಿಗೆ, ಸಂಬಳ ಎಲ್ಲಾ ನಡೆಯಬೇಕಾದರೆ ಸರ್ವೀಸ್ ಮತ್ತು ಸ್ಪೇರ್ಸ್ ಕೈಹಿಡಿಯಬೇಕು. ನಮಗೆ ದಿನಾ ಬೆಳಗ್ಗೆ ಮೀಟಿಂಗ್ ಇರುತ್ತಿತ್ತು. ನಿನ್ನೆ ಎಷ್ಟು ಜಾಬ್ ಕಾರ್ಡ್ (ಒಂದೊಂದು ಕಾರಿನ ಕೆಲಸ ಬರೆಯುವ ಚೀಟಿ) ತೆರೆದೆ, ಒಂದೊಂದಕ್ಕೆ ಸರಾಸರಿ ಬಿಲ್ ಎಷ್ಟಾಯಿತು, 'ವ್ಯಾಲ್ಯೂ ಆಡೆಡ್ ಸರ್ವೀಸ್' ಎಷ್ಟು ಹೋಯಿತು ಅಂತ ಎಲ್ಲರ ಮುಂದೆ ಕೇಳುತ್ತಿದ್ದರು. ಎಂಜಿನ್ ಫ್ಲಶ್ (ಎಂಜಿನ್ ಒಳಗಿನ ಕೊಳೆ ತೊಳೆಯುವುದು), ಇಂಜೆಕ್ಟರ್ ಕ್ಲೀನಿಂಗ್, ಎಸಿ ಟ್ರೀಟ್‌ಮೆಂಟ್, ಕೋಟಿಂಗ್ ಎಲ್ಲಾ ಆ ಲೆಕ್ಕಕ್ಕೆ ಬರುತ್ತವೆ. ಟಾರ್ಗೆಟ್ ಮುಟ್ಟಿದರೆ ಇನ್ಸೆಂಟಿವ್, ಮುಟ್ಟದಿದ್ದರೆ ಮ್ಯಾನೇಜರ್ ಮುಖ ನೋಡುವಂತಿಲ್ಲ.

ಸಾಗರದ ಕಡೆಯಿಂದ ಒಬ್ಬರು ರಿಟೈರ್ಡ್ ಮೇಷ್ಟ್ರು ಬರುತ್ತಿದ್ದರು. ಕಾರು ವರ್ಷಕ್ಕೆ ಓಡಿದ್ದು 7,000 ಕಿಲೋಮೀಟರ್. ಆಯಿಲ್, ಫಿಲ್ಟರ್, ವಾಟರ್ ವಾಶ್ ಮಾಡಿಸಿದರೆ ಮುಗಿಯಿತು. ಅವತ್ತು ತಿಂಗಳ ಕೊನೆ. ಫ್ಲಶ್, ಇಂಜೆಕ್ಟರ್, ಎಸಿ, ಇಲಿ ಸ್ಪ್ರೇ ಎಲ್ಲಾ ಸೇರಿಸಿ 3,800 ಜಾಸ್ತಿ ಬರೆದೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಹಾಕಿಕೊಂಡು, ಕಾಗದದ ಮೇಲೆ ಒಂದು ಸಲ ಕಣ್ಣಾಡಿಸಿದರು. 'ನೀನು ಹೇಳಿದ ಮೇಲೆ ಸರಿಯಾಗೇ ಇರುತ್ತೆ ಬಿಡು ಮಾರಾಯ' ಅಂತ ಸಹಿ ಹಾಕಿದರು. ಮುಂದಿನ ವರ್ಷ ಬಂದಾಗ ನಾನು ಬರೀ ಆಯಿಲ್ ಸರ್ವೀಸ್ ಬರೆದೆ. 'ಈ ಸಲ ಯಾಕೆ ಇಷ್ಟು ಕಡಿಮೆ?' ಅಂತ ಕೇಳಿದರು. ಏನು ಹೇಳಬೇಕೋ ತಿಳಿಯಲಿಲ್ಲ. ನೀರು ತಂದುಕೊಟ್ಟೆ.

ಈ ಉತ್ತರ ಬರೆಯುತ್ತಿರುವುದಕ್ಕೆ ಅವರೂ ಒಂದು ಕಾರಣ.

ಈಗ ನಿಮ್ಮ ಎಸ್ಟಿಮೇಟಿಗೆ ಬರೋಣ. ನೀವು ಹಾಕಿರುವ ಫೋಟೋದಲ್ಲಿ ಅಂಡರ್‌ಬಾಡಿ ಕೋಟಿಂಗ್ 3,500, ಥ್ರಾಟಲ್ ಮತ್ತು ಇಂಜೆಕ್ಟರ್ ಕ್ಲೀನಿಂಗ್ 1,800, ಎಸಿ ಟ್ರೀಟ್‌ಮೆಂಟ್ 1,400, ಇಲಿ ಸ್ಪ್ರೇ 900, ಎಂಜಿನ್ ಫ್ಲಶ್ 650 ಇದೆ. ಕೂಡಿಸಿದರೆ 8,250. ಇದಿಷ್ಟನ್ನೂ ನಾನಾಗಿದ್ದರೆ ತೆಗೆಸುತ್ತಿದ್ದೆ. ಉಳಿಯುವುದು 6,350.

ಹೇಗೆ ಹೇಳುತ್ತೀರಿ ಅಂದರೆ, ಕಾರಿನ ಗ್ಲೋವ್ ಬಾಕ್ಸಿನಲ್ಲಿ ಓನರ್ಸ್ ಮ್ಯಾನ್ಯುಯಲ್ ಇದೆಯಲ್ವಾ, ಅದನ್ನು ತೆಗೆಯಿರಿ. ಕೊನೆಯ ಕಡೆ ಮೇಂಟೆನೆನ್ಸ್ ಶೆಡ್ಯೂಲ್ ಅಂತ ಒಂದು ಟೇಬಲ್ ಇರುತ್ತದೆ. ಮೇಲೆ ಕಿಲೋಮೀಟರ್, ಪಕ್ಕದಲ್ಲಿ ಭಾಗಗಳ ಹೆಸರು. ತುಂಬಾ ಕಂಪನಿಗಳ ಪುಸ್ತಕದಲ್ಲಿ ಆ ಮನೆಗಳಲ್ಲಿ 'ಐ' ಅಥವಾ 'ಆರ್' ಅಂತ ಬರೆದಿರುತ್ತಾರೆ. 'ಐ' ಅಂದರೆ ಪರೀಕ್ಷೆ ಮಾಡಿ ನೋಡು, 'ಆರ್' ಅಂದರೆ ಬದಲಾಯಿಸು. ಆ ಕಾರನ್ನು ಮಾಡಿದವರೇ ಬರೆದ ಪಟ್ಟಿ ಅದು. 20,000 ಕಿಲೋಮೀಟರಿನ ಸಾಲಿನಲ್ಲಿ ಎಂಜಿನ್ ಫ್ಲಶ್ ಎಲ್ಲಿದೆ ಹುಡುಕಿ. ಸಿಗುವುದಿಲ್ಲ. ಹೇಳಿದ ಟೈಮಿಗೆ ಹೇಳಿದ ಗ್ರೇಡಿನ ಆಯಿಲ್ ಹಾಕಿಸುತ್ತಿದ್ದರೆ, ಕೊಳೆಯನ್ನು ಆ ಆಯಿಲ್ಲೇ ಎತ್ತಿಕೊಂಡು ಹೊರಗೆ ಬರುತ್ತದೆ.

ಬ್ರೇಕ್ ಆಯಿಲ್ ಬದಲಾಯಿಸುವುದನ್ನು ಮಾತ್ರ ದಯವಿಟ್ಟು ಎಸ್ಟಿಮೇಟಿನಿಂದ ತೆಗೆಸಬೇಡಿ. ಇದನ್ನು ಸುಮ್ನೆ ಬರೆದಿದ್ದಾರೆ ಅಂತ ತುಂಬಾ ಜನ ಹೊಡೆದುಹಾಕಿಸುತ್ತಾರೆ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ವರ್ಷ ಕಳೆದಂತೆ ಅದು ಕುದಿಯುವ ಬಿಸಿಮಟ್ಟ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಒತ್ತಿ ಒತ್ತಿ ಕಾದರೆ ಪೈಪಿನೊಳಗೆ ಆವಿ ಆಗುತ್ತದೆ. ಆಗ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ತುಂಬಾ ಕಾರುಗಳಿಗೆ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ ಅಂತ ಪುಸ್ತಕದಲ್ಲೇ ಇರುತ್ತದೆ. ನಿಮ್ಮದು ಸರಿಯಾಗಿ ಎರಡು ವರ್ಷ.

ಅಂಡರ್‌ಬಾಡಿ ಕೋಟಿಂಗ್ ಕಾರವಾರ, ಮಂಗಳೂರು ಕಡೆಯವರಾಗಿದ್ದರೆ ಯೋಚಿಸಿ ಅನ್ನುತ್ತಿದ್ದೆ. ಅಲ್ಲಿ ಉಪ್ಪುಗಾಳಿ, ಕಾರಿನ ಅಡಿಭಾಗ ತುಕ್ಕು ಹಿಡಿಯುತ್ತದೆ. ತುಮಕೂರಿಗೆ ಏನೂ ಬೇಡ. ಎಸಿಯಲ್ಲಿ ಮುಗ್ಗಲು ವಾಸನೆ ಬರುತ್ತಿದ್ದರೆ ಮೊದಲು ಕ್ಯಾಬಿನ್ ಫಿಲ್ಟರ್ ನೋಡಿ. ತುಂಬಾ ಕಾರುಗಳಲ್ಲಿ ಅದು ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ, ಕೈಯಲ್ಲೇ ತೆಗೆದು ಹಾಕಬಹುದು. ಇಲಿ ಕಾಟಕ್ಕೆ ನಮ್ಮೂರ ಕಡೆ ಬಾನೆಟ್ ಒಳಗೆ ಒಂದು ಕಟ್ಟು ಹೊಗೆಸೊಪ್ಪು ಕಟ್ಟಿ ಇಡುತ್ತಾರೆ. ಬಿಸಿ ಭಾಗಕ್ಕೆ, ಬೆಲ್ಟಿಗೆ ತಾಗದ ಹಾಗೆ ಇಡಬೇಕು ಅಷ್ಟೇ. ನನ್ನ ಕಾರಿನಲ್ಲೂ ಅದೇ ಇದೆ.

ವಾರಂಟಿ ವಿಷಯ. 'ಹೊರಗಡೆ ಬಾನೆಟ್ ಎತ್ತಿಸಿದರೆ ವಾರಂಟಿ ಕ್ಯಾನ್ಸಲ್' ಅಂತ ಕೌಂಟರಿನಲ್ಲಿ ಹೆದರಿಸುವುದು ಹಳೆಯ ಅಭ್ಯಾಸ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು ಈ ಬಗ್ಗೆ ಒಂದು ದೊಡ್ಡ ಆದೇಶ ಕೊಟ್ಟಿತು. ಸ್ಪೇರ್ ಪಾರ್ಟ್ಸ್ ಮತ್ತು ರಿಪೇರಿ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಕ್ಕೆ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ಹಾಕಿತು. ಹೊರಗೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ಪೂರ್ತಿ ವಾರಂಟಿ ರದ್ದು ಅನ್ನುವ ಷರತ್ತು ಹಾಕಬಾರದು ಅಂತಲೂ ಹೇಳಿತು. ಹೊರಗಿನ ಕೆಲಸ ಕೆಟ್ಟದ್ದರಿಂದಲೇ ಹಾನಿ ಆಗಿದ್ದರೆ ಆ ಮಾತು ಬೇರೆ. ಕಂಪನಿಗಳು ಮೇಲ್ಮನವಿ ಹಾಕಿದವು, ಜಗಳ ವರ್ಷಗಟ್ಟಲೆ ಎಳೆಯಿತು.

ಇದೆಲ್ಲ ಗೊತ್ತಿದ್ದೂ ನಾನು ಹೇಳುವುದು ಏನೆಂದರೆ, ವಾರಂಟಿ ಮುಗಿಯುವ ತನಕ ಪುಸ್ತಕದಲ್ಲಿರುವ ಸರ್ವೀಸನ್ನು ಅಧಿಕೃತ ಸೆಂಟರಿನಲ್ಲೇ ಮಾಡಿಸಿ. ನಾಳೆ ಗೇರ್‌ಬಾಕ್ಸ್ ಹೋದರೆ ಆದೇಶದ ಪ್ರತಿ ಹಿಡಿದು ವಾದ ಮಾಡುವುದಕ್ಕಿಂತ, ಅವರ ಕಂಪ್ಯೂಟರಿನಲ್ಲೇ ನಿಮ್ಮ ಸರ್ವೀಸ್ ಹಿಸ್ಟರಿ ಇರುವುದು ಸುಲಭ. ರೀಕಾಲ್ ಕೂಡ ಅಲ್ಲೇ ಗೊತ್ತಾಗುತ್ತದೆ. 2023ರ ಜನವರಿಯಲ್ಲಿ ಮಾರುತಿ ಏರ್‌ಬ್ಯಾಗ್ ಕಂಟ್ರೋಲರ್ ದೋಷಕ್ಕೆ 17,362 ಕಾರು ವಾಪಸ್ ಕರೆದು ನೋಡಿತು. ಅಂಥದ್ದನ್ನು ಪುಕ್ಕಟೆ ಮಾಡಿಕೊಡುತ್ತಾರೆ. ಪಕ್ಕದ ಗ್ಯಾರೇಜಿನವನು ಎಷ್ಟೇ ಒಳ್ಳೆಯವನಾದರೂ ಅದು ಅವನ ಕೈಯಲ್ಲಿಲ್ಲ. ಕೀ ಪ್ರೋಗ್ರಾಮಿಂಗ್, ಸಾಫ್ಟ್‌ವೇರ್ ಅಪ್‌ಡೇಟ್ ಕೂಡ ಹಾಗೇ.

ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್, ವೈಪರ್, ಬ್ಯಾಟರಿ ಇವಕ್ಕೆಲ್ಲ ಹೊರಗೆ ಹೋಗಿ, ತೊಂದರೆ ಇಲ್ಲ. ವಾರಂಟಿ ಮುಗಿದ ಮೇಲೆ ಗುರುತಿನ ಒಳ್ಳೆಯ ಮೆಕ್ಯಾನಿಕ್ ಇದ್ದರೆ ಆರಾಮಾಗಿ ಅವನ ಹತ್ತಿರ ಹೋಗಬಹುದು. ಬೆಂಗಳೂರಿಗೆ ಬರುವವರಾದರೆ ಜೆ.ಸಿ. ರಸ್ತೆಯಲ್ಲಿ ಒರಿಜಿನಲ್ ಸ್ಪೇರ್ ಸಿಗುತ್ತದೆ. ಬಿಲ್ ಕೇಳಿ ತಗೊಳ್ಳಿ, ಡೂಪ್ಲಿಕೇಟೂ ಅದೇ ರಸ್ತೆಯಲ್ಲಿದೆ.

ಇನ್ನು ಕಾರು ಬಿಡುವ ದಿನ. ಪಿಕಪ್‌ಗೆ ಕಳಿಸಬೇಡಿ, ನೀವೇ ಹೋಗಿ. ಶನಿವಾರ, ಭಾನುವಾರ ಬೇಡ, ಅವತ್ತು ಅಡ್ವೈಸರಿಗೆ ನಿಮ್ಮ ಮುಖ ನೋಡಲೂ ಪುರುಸೊತ್ತಿರುವುದಿಲ್ಲ. ಬುಧವಾರ ಬೆಳಗ್ಗೆ ಹೋದರೆ ಬೇರೆಯೇ ಮರ್ಯಾದೆ. ಜಾಬ್ ಕಾರ್ಡಿನಲ್ಲಿ ಎರಡು ಸಾಲು ಬರೆಸಿ: 'ಎಸ್ಟಿಮೇಟಿಗಿಂತ ಜಾಸ್ತಿ ಕೆಲಸ ಇದ್ದರೆ ಮೊದಲು ಫೋನ್ ಮಾಡಬೇಕು', 'ಬದಲಾಯಿಸಿದ ಹಳೆಯ ಪಾರ್ಟ್ಸ್ ಡಿಕ್ಕಿಯಲ್ಲಿ ಇಡಬೇಕು'. ಎರಡನೆಯ ಸಾಲಿಗೆ ತುಂಬಾ ಶಕ್ತಿ ಇದೆ. ಹಳೆಯ ಏರ್ ಫಿಲ್ಟರ್ ಕೇಳುವ ಗಿರಾಕಿ ಅಂತ ಗೊತ್ತಾದರೆ ಅಡ್ವೈಸರ್ ಪೆನ್ನು ತಾನಾಗೇ ನಿಧಾನ ಆಗುತ್ತದೆ. ನಾನೇ ಆ ಪೆನ್ನು ಹಿಡಿದಿದ್ದವನು, ಅದಕ್ಕೇ ಹೇಳುತ್ತಿದ್ದೇನೆ. ವಾರಂಟಿಯಲ್ಲಿ ಬದಲಾಯಿಸಿದ ಪಾರ್ಟ್ ಮಾತ್ರ ಕೊಡುವುದಿಲ್ಲ, ಅದು ಕಂಪನಿಗೆ ವಾಪಸ್ ಹೋಗಬೇಕು.

ಬಿಲ್ಲಿನಲ್ಲಿ ಆಯಿಲ್ ಎಷ್ಟು ಲೀಟರ್ ಅಂತ ನೋಡಿ. ನಿಮ್ಮ ಎಂಜಿನ್ನಿಗೆ ಎಷ್ಟು ಹಿಡಿಸುತ್ತದೆ ಅಂತ ಪುಸ್ತಕದಲ್ಲಿದೆ. ಮೂರೂಕಾಲು ಲೀಟರ್ ಹಿಡಿಸುವ ಕಾರಿಗೆ ನಾಲ್ಕು ಲೀಟರ್ ಬಿಲ್ ಮಾಡಿದ್ದರೆ, ಉಳಿದ ಮುಕ್ಕಾಲು ಲೀಟರ್ ಕ್ಯಾನ್ ಎಲ್ಲಿ ಅಂತ ಕೇಳಿ. ಅದು ನಿಮ್ಮದು. ಪಾರ್ಟ್ಸ್ ಮೇಲಿನ ಜಿಎಸ್‌ಟಿಯನ್ನೂ ನೋಡಿ. ಮೊದಲು ತುಂಬಾ ಪಾರ್ಟ್ಸಿಗೆ 28% ಇತ್ತು, 2025ರ ಸೆಪ್ಟೆಂಬರ್ 22ರಿಂದ 18% ಆಗಿದೆ.

ಇಷ್ಟೆಲ್ಲ ಗೊತ್ತಿರುವ ನನಗೂ ಎರಡು ವರ್ಷದ ಹಿಂದೆ ಇಲ್ಲೇ ಒಂದು ಅಧಿಕೃತ ಸೆಂಟರಿನಿಂದ ಫೋನ್ ಬಂತು. 'ಸರ್, ಮುಂದಿನ ಬ್ರೇಕ್ ಪ್ಯಾಡ್ ಪೂರ್ತಿ ಮುಗಿದಿದೆ. 3,400 ಆಗುತ್ತೆ. ಹಾಕಿಬಿಡಲಾ?' ಎಷ್ಟು ಎಂಎಂ ಉಳಿದಿದೆ ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಅರ್ಧ ದಿನ ರಜೆ ಹಾಕಿ ಆಟೋ ಹತ್ತಿ ಹೋದೆ. ಚಕ್ರ ಬಿಚ್ಚಿಸಿ ಸ್ಟೀಲ್ ಸ್ಕೇಲ್ ಇಟ್ಟು ನೋಡಿದರೆ ಎರಡೂ ಕಡೆ ಏಳು ಎಂಎಂ ಇತ್ತು. ಹೊಸ ಪ್ಯಾಡ್ ಹತ್ತು ಎಂಎಂ ಆಸುಪಾಸು ಇರುತ್ತದೆ. ಎರಡು ಮೂರಕ್ಕೆ ಇಳಿದಾಗ ಬದಲಾಯಿಸಬೇಕು. 'ಸಿಸ್ಟಮ್‌ನಲ್ಲಿ ಹಾಗೆ ತೋರಿಸ್ತಿತ್ತು ಸರ್' ಅಂದ ಆ ಹುಡುಗ. ಕೂಗಾಡಲಿಲ್ಲ. ಅವನ ಬೆಳಗ್ಗೆಯ ಮೀಟಿಂಗ್ ನನಗೆ ಗೊತ್ತು. ಸರ್ವೀಸ್ ಮ್ಯಾನೇಜರಿಗೆ ಅಳತೆಯ ಫೋಟೋ ಸಮೇತ ಇಮೇಲ್ ಹಾಕಿದೆ, ಕಂಪನಿಯ ಕಸ್ಟಮರ್ ಕೇರಿಗೂ ಕಾಪಿ ಕಳಿಸಿದೆ. ಪ್ಯಾಡ್ ಎಸ್ಟಿಮೇಟಿನಿಂದ ಹೋಯಿತು. ಅದಕ್ಕೂ ಬಗ್ಗದಿದ್ದರೆ 1915ಕ್ಕೆ ಫೋನ್ ಮಾಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಸರ್ವೀಸ್ ಆದ ಮೇಲೆ ಅಡ್ವೈಸರ್ 'ಫೀಡ್‌ಬ್ಯಾಕ್ ಕಾಲ್ ಬರುತ್ತೆ, ಹತ್ತಕ್ಕೆ ಹತ್ತು ಕೊಡಿ ಸರ್' ಅನ್ನುತ್ತಾನೆ. ಆ ಅಂಕದ ಮೇಲೆ ಅವನ ಇನ್ಸೆಂಟಿವ್ ನಿಂತಿರುತ್ತದೆ. ಕೆಲಸ ಚೆನ್ನಾಗಿ ಆಗಿದ್ದರೆ ಮನಸಾರೆ ಕೊಡಿ. ಬೇಡದ್ದನ್ನು ಬರೆದಿದ್ದರೆ ಅದನ್ನೂ ಅದೇ ಫೋನಿನಲ್ಲಿ ಹೇಳಿ. ಕಾರು ನೋಡಿದ ಮೆಕ್ಯಾನಿಕ್ ಹುಡುಗನ ಹೆಸರು ಜಾಬ್ ಕಾರ್ಡಿನಲ್ಲಿ ಇರುತ್ತದೆ. ಮುಂದಿನ ಸಲ ಅವನೇ ಬೇಕು ಅಂತ ಕೇಳಿ. ಕೇಳಿದರೆ ಕೊಡುತ್ತಾರೆ, ಜನ ಕೇಳುವುದೇ ಇಲ್ಲ.

ನಿಮ್ಮ ಬ್ರೇಕ್ ಪ್ಯಾಡ್ ಬಗ್ಗೆ ಈಗಲೇ ಏನೂ ಒಪ್ಪಿಕೊಳ್ಳಬೇಡಿ. 20,000 ಕಿಲೋಮೀಟರಿಗೆ ಸಾಮಾನ್ಯವಾಗಿ ಮುಗಿಯುವುದಿಲ್ಲ. ಆದರೆ ದಿನಾ ಟ್ರಾಫಿಕ್ಕಿನಲ್ಲಿ ಓಡಿಸುವವರಾದರೆ ಬೇಗ ಸವೆಯಬಹುದು, ನೋಡದೆ ಹೇಳಲು ಬರುವುದಿಲ್ಲ. ಚಕ್ರ ಬಿಚ್ಚಿದಾಗ ಪಕ್ಕದಲ್ಲಿ ನಿಂತು ಅಳತೆ ಹಾಕಿಸಿ, ಒಳಗಿನ ಪ್ಯಾಡು, ಹೊರಗಿನ ಪ್ಯಾಡು ಎರಡನ್ನೂ. ಆ ನಂಬರ್ ಇಲ್ಲಿ ಕಾಮೆಂಟಿನಲ್ಲಿ ಹಾಕಿ. ಸಂಜೆ ಕೆಲಸ ಮುಗಿಸಿ ಬಂದು ನೋಡುತ್ತೇನೆ.