ಒಬ್ಬ ನಟ, ಎರಡು ಕುರ್ಚಿ

ದ್ವಿಪಾತ್ರದ ಬಗ್ಗೆ ಈ ಸಲ ರಾಶಿ ಪ್ರಶ್ನೆಗಳು ಬಂದಿವೆ. ಒಂದೇ ಥರದವನ್ನು ಕೂಡಿಸಿ ಉತ್ತರಿಸಿದ್ದೇವೆ. ಕಿರುಚಿತ್ರ ಮಾಡಹೊರಟವರ ಪ್ರಶ್ನೆಗೆ ಜಾಗ ಹೆಚ್ಚು ಹೋಗಿದೆ, ಉಳಿದವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಪ್ರಶ್ನೆ: ಹಳೆಯ ಚಿತ್ರಗಳಲ್ಲಿ ಅವಳಿಗಳು ಎದುರುಬದುರಾದಾಗ ಪರದೆಯ ನಡುವೆ ಒಂದು ಗೆರೆ ನಡುಗಿದಂತೆ ಕಾಣುತ್ತದಲ್ಲ, ಅದೇನು?

ಅದು ಮಾಸ್ಕ್ ಶಾಟ್‌ನ ಹೊಲಿಗೆ. ಲೆನ್ಸಿನ ಮುಂದೆ ಕಪ್ಪು ತಗಡು ಅಥವಾ ರಟ್ಟು ನಿಲ್ಲಿಸಿ, ಚೌಕಟ್ಟಿನ ಬಲ ಅರ್ಧ ಮುಚ್ಚಿ, ಎಡಗಡೆ ಒಂದು ಪಾತ್ರವನ್ನು ಚಿತ್ರಿಸುತ್ತಿದ್ದರು. ಆಮೇಲೆ ಲೆನ್ಸನ್ನು ಪೂರ್ತಿ ಮುಚ್ಚಿ, ಅದೇ ಫಿಲ್ಮನ್ನು ಮೊದಲ ಫ್ರೇಮಿನ ತನಕ ಹಿಂದಕ್ಕೆ ಸುತ್ತಿ, ಮಾಸ್ಕನ್ನು ಎಡಕ್ಕೆ ಬದಲಿಸಿ, ವೇಷ ಬದಲಿಸಿ ಬಂದ ನಟನನ್ನು ಬಲಗಡೆ ಚಿತ್ರಿಸುತ್ತಿದ್ದರು. ಎರಡು ಮಾಸ್ಕ್‌ಗಳ ನಡುವೆ ಕೂದಲೆಳೆಯಷ್ಟು ಜಾಗಕ್ಕೆ ಎರಡೂ ಸಲ ಬೆಳಕು ಬೀಳದಿದ್ದರೆ ಪ್ರಿಂಟ್‌ನಲ್ಲಿ ಕಪ್ಪು ಗೆರೆ. ಅಷ್ಟೇ ಜಾಗಕ್ಕೆ ಎರಡು ಸಲ ಬೆಳಕು ಬಿದ್ದರೆ ಬಿಳಿ ಪಟ್ಟಿ. ನಡುಗುವುದಕ್ಕೆ ಕಾರಣ ಬೇರೆ: ಕ್ಯಾಮೆರಾದೊಳಗೆ ಫಿಲ್ಮ್ ಪ್ರತಿ ಫ್ರೇಮಿಗೂ ತುಸು ಅತ್ತಿತ್ತ ಕೂರುತ್ತದೆ. ಮೊದಲ ಸಲದ ಅಲುಗಾಟ, ಎರಡನೇ ಸಲದ ಅಲುಗಾಟ ಒಂದೇ ಆಗಿರುವುದಿಲ್ಲ. ಹಾಗಾಗಿ ಒಂದರ್ಧ ಇನ್ನೊಂದರ್ಧದ ಎದುರು ಕಂಪಿಸುತ್ತದೆ.

ಮಾಸ್ಕ್ ಲೆನ್ಸಿಗೆ ಹತ್ತಿರ ಇರುವುದರಿಂದ ಅದರ ಅಂಚು ಫೋಕಸ್ ಆಗದೆ ಮಸುಕಾಗಿ ಬೀಳುತ್ತದೆ. ಹೊಲಿಗೆ ಮುಚ್ಚಿಹೋಗುವುದೇ ಈ ಮಸುಕಿನಿಂದ. ಆದರೆ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಕಿರಿದು ಮಾಡಿದಷ್ಟೂ ಅಂಚು ಚೂಪಾಗುತ್ತದೆ. ಮೋಡ ಸರಿದು ಬಿಸಿಲು ಬಂತೆಂದು ಎರಡನೇ ಸಲ ಅಪರ್ಚರ್ ಬದಲಿಸಿದರೆ ಎರಡು ಅಂಚುಗಳು ಒಂದಕ್ಕೊಂದು ಕೂಡುವುದಿಲ್ಲ.

ಇದನ್ನು ಅಪ್ಪಟ ಕೈಚಳಕದ ಮಟ್ಟಕ್ಕೆ ಒಯ್ದವರು ಮೂಕಿ ಚಿತ್ರಗಳ ಹಾಸ್ಯನಟ ಬಸ್ಟರ್ ಕೀಟನ್. 1921ರ 'ದಿ ಪ್ಲೇಹೌಸ್'ನಲ್ಲಿ ಒಂದೇ ಚೌಕಟ್ಟಿನಲ್ಲಿ ಒಂಬತ್ತು ಮಂದಿ ಕೀಟನ್ ಇದ್ದಾರೆ. ಅಂದರೆ ಅದೇ ಫಿಲ್ಮ್ ಒಂಬತ್ತು ಸಲ ಕ್ಯಾಮೆರಾ ಹಾದುಹೋಗಿದೆ, ಅದೂ ಕೈಯಲ್ಲಿ ಹಿಡಿಕೆ ತಿರುಗಿಸುವ ಕ್ಯಾಮೆರಾ. ಛಾಯಾಗ್ರಾಹಕ ಎಲ್ಜಿನ್ ಲೆಸ್ಲಿ ಒಂಬತ್ತು ಸಲವೂ ಒಂದೇ ವೇಗದಲ್ಲಿ ತಿರುಗಿಸಬೇಕಿತ್ತು. ಎಂಟನೆಯ ಸಲ ಕೈ ತಪ್ಪಿದ್ದರೆ ಹಿಂದಿನ ಏಳೂ ಕಸದ ಬುಟ್ಟಿಗೆ. 1949ರ 'ಕೈಂಡ್ ಹಾರ್ಟ್ಸ್ ಅಂಡ್ ಕೊರೊನೆಟ್ಸ್'ನಲ್ಲಿ ಅಲೆಕ್ ಗಿನ್ನೆಸ್ ಅವರ ಆರು ಪಾತ್ರಗಳು ಒಂದೇ ಶಾಟ್‌ನಲ್ಲಿವೆ. ಕ್ಯಾಮೆರಾವನ್ನು ಯಾರೂ ಮುಟ್ಟದಿರಲಿ ಎಂದು ಛಾಯಾಗ್ರಾಹಕ ಡಗ್ಲಸ್ ಸ್ಲೊಕೊಂಬ್ ರಾತ್ರಿ ಅದರ ಜೊತೆಗೇ ಸ್ಟುಡಿಯೋದಲ್ಲಿ ಉಳಿದರು.

ಮುಂದೆ ಎರಡು ಪಾತ್ರಗಳನ್ನು ಬೇರೆ ಬೇರೆ ನೆಗೆಟಿವ್‌ನಲ್ಲಿ ತೆಗೆದು ಲ್ಯಾಬ್‌ನಲ್ಲಿ ಆಪ್ಟಿಕಲ್ ಪ್ರಿಂಟರ್ (ಒಂದು ಫಿಲ್ಮಿನ ಚಿತ್ರವನ್ನು ಇನ್ನೊಂದಕ್ಕೆ ನಕಲು ಮಾಡುವ ಯಂತ್ರ) ಮೇಲೆ ಕೂಡಿಸುವ ಪದ್ಧತಿ ಬಂತು. ಒಂದು ಕೆಟ್ಟರೆ ಇನ್ನೊಂದು ಉಳಿಯುತ್ತಿತ್ತು, ಅದು ಲಾಭ. ನಷ್ಟವೆಂದರೆ ನಕಲಿನ ಮೇಲೆ ನಕಲಾಗಿ ಆ ಶಾಟ್ ಮಾತ್ರ ಒರಟಾಗಿ, ಕಾಳುಕಾಳಾಗಿ ಕಾಣುತ್ತಿತ್ತು. ಚಿತ್ರ ಇದ್ದಕ್ಕಿದ್ದಂತೆ ಒರಟಾಯಿತೆಂದರೆ 'ಈಗ ಇನ್ನೊಬ್ಬ ಬರುತ್ತಾನೆ' ಎಂದು ಕಣ್ಣು ಪಳಗಿದವರು ಮೊದಲೇ ಹೇಳಿಬಿಡುತ್ತಿದ್ದರು.

ಪ್ರಶ್ನೆ: ಕಾಲೇಜಿನ ಕಿರುಚಿತ್ರಕ್ಕೆ ಮೊಬೈಲ್‌ನಲ್ಲೇ ಚಿತ್ರೀಕರಣ. ಅವಳಿ ಅಣ್ಣತಮ್ಮಂದಿರು ಒಂದು ಮೇಜಿನ ಆಚೆ ಈಚೆ ಕೂತು ಮಾತಾಡಬೇಕು, ನಟ ಒಬ್ಬನೇ. ಗ್ರೀನ್ ಮ್ಯಾಟ್ ಬೇಕೇ ಬೇಕಾ?

ಬೇಡ. ಕ್ಯಾಮೆರಾ ಅಲುಗಾಡದ ಶಾಟ್‌ಗೆ ಗ್ರೀನ್ ಮ್ಯಾಟ್ (ಆಮೇಲೆ ಅಳಿಸಿ ಬೇರೆ ಹಿನ್ನೆಲೆ ಕೂರಿಸಲೆಂದು ನಟನ ಹಿಂದೆ ಕಟ್ಟುವ ಹಸಿರು ಬಟ್ಟೆ) ತಂದರೆ ಕೆಲಸ ಕೆಡುತ್ತದೆ. ಕೂದಲಂಚಿನ ಹಸಿರು ತೆಗೆಯುವುದರಲ್ಲೇ ವಾರ ಕಳೆಯುತ್ತದೆ.

ಮೊದಲು ಮೊಬೈಲನ್ನು ಟ್ರೈಪಾಡ್‌ಗೆ ಬಿಗಿದು, ಟ್ರೈಪಾಡ್‌ನ ನಡುಗಂಬಕ್ಕೆ ಮರಳು ತುಂಬಿದ ಚೀಲ ತೂಗುಹಾಕಿ, ಮೂರು ಕಾಲಿನ ಸುತ್ತ ನೆಲದ ಮೇಲೆ ಟೇಪ್ ಅಂಟಿಸಿ. ಚಾರ್ಜರ್ ಆಗಲೇ ಸಿಕ್ಕಿಸಿಬಿಡಿ, ನಡುವೆ ಬ್ಯಾಟರಿ ಮುಗಿದು ಫೋನ್ ತೆಗೆದಿರೋ, ಮತ್ತೆ ಅದೇ ಜಾಗಕ್ಕೆ ಕೂರಿಸುವುದು ಕನಸಿನ ಮಾತು. ರೆಕಾರ್ಡ್ ಬಟನ್ ಬೆರಳಿನಿಂದ ಒತ್ತಬೇಡಿ, ರಿಮೋಟ್ ಇಲ್ಲವೇ ಟೈಮರ್ ಬಳಸಿ. ಇನ್ನೂ ಒಳ್ಳೆಯದೆಂದರೆ ರೆಕಾರ್ಡಿಂಗ್ ನಿಲ್ಲಿಸಲೇಬೇಡಿ.

ಎರಡನೆಯದು ಸೆಟ್ಟಿಂಗ್. ಕೈಯಾರೆ ಎಲ್ಲವನ್ನೂ ನಿಲ್ಲಿಸಲು ಬಿಡುವ ಕ್ಯಾಮೆರಾ ಆ್ಯಪ್ ಬೇಕು. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಒಂದೇ ಅಂಕಿಗೆ, ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) ಒಂದೇ ಅಂಕಿಗೆ, ಫೋಕಸ್ ಲಾಕ್. ಬಿಳಿ ಅಂಗಿಯ ಅಣ್ಣ ಕೂತಾಗ ಆಟೊ ಎಕ್ಸ್‌ಪೋಷರ್ ಚಿತ್ರವನ್ನು ಕಪ್ಪಾಗಿಸುತ್ತದೆ, ಕಪ್ಪು ಅಂಗಿಯ ತಮ್ಮ ಕೂತಾಗ ಬೆಳ್ಳಗಾಗಿಸುತ್ತದೆ. ಆಗ ಎರಡರ್ಧಗಳ ಗೋಡೆಯ ಬಣ್ಣವೇ ಬೇರೆ. ಫೋಕಸ್ ಬದಲಾದರೆ ಚೌಕಟ್ಟು ಕೂಡ ಸ್ವಲ್ಪ ಹಿಗ್ಗಿ ಕುಗ್ಗುತ್ತದೆ, ಕಿಟಕಿಯ ಸರಳು ನಡುವೆ ಮುರಿದಂತೆ ಕಾಣುತ್ತದೆ. ಎಲ್ಲಕ್ಕಿಂತ ಹೆಚ್ಚು ಮಂದಿ ಮರೆಯುವುದು ಸ್ಟೆಬಿಲೈಸೇಷನ್ (ಕೈ ಅಲುಗಾಟ ತಗ್ಗಿಸುವ ಸೌಲಭ್ಯ) ಆಫ್ ಮಾಡುವುದನ್ನು. ಟ್ರೈಪಾಡ್ ಕಲ್ಲಿನಂತಿದ್ದರೂ ಫೋನಿನೊಳಗೆ ಅದು ಚಿತ್ರವನ್ನು ತಾನಾಗಿ ಸರಿಸುತ್ತಿರುತ್ತದೆ.

ಹೊಲಿಗೆ ಎಲ್ಲಿ ಬೀಳಬೇಕೆಂದು ಶಾಟ್ ಇಡುವ ಮೊದಲೇ ತೀರ್ಮಾನಿಸಿ. ಬಾಗಿಲ ಚೌಕಟ್ಟಿನ ಅಂಚು, ಗೋಡೆಯ ಮೂಲೆ, ಕಪಾಟಿನ ಬದಿ ಒಳ್ಳೆಯವು. ಅಲ್ಲಾಡುವ ಪರದೆ, ಫ್ಯಾನಿನ ನೆರಳು, ಹೊಳೆಯುವ ಗಾಜು ಬೇಡ. ಹೊಲಿಗೆ ನೇರ ಗೆರೆಯೇ ಆಗಬೇಕಿಲ್ಲ, ಎಡಿಟಿಂಗ್‌ನಲ್ಲಿ ಅದನ್ನು ಬೇಕಾದ ಹಾಗೆ ಬಾಗಿಸಬಹುದು. ಮೇಜು ಮಾತ್ರ ಹೊಲಿಗೆಯ ಅಡಿಯಲ್ಲೇ ಹಾದುಹೋಗುತ್ತದೆ, ಅದನ್ನು ತಪ್ಪಿಸಲಾಗದು. ನಟ ಮೊಣಕೈ ಊರಿದಾಗ ಮೇಜು ಅರ್ಧ ಸೆಂಟಿಮೀಟರ್ ಸರಿದರೂ ಅಂಚು ಕೂಡುವುದಿಲ್ಲ. ಕಾಲಿಗೆ ಭಾರ ಕಟ್ಟಿ, ಮೇಜಿನ ಮೇಲಿನ ಬಟ್ಟೆಯನ್ನು ಅಡಿಯಿಂದ ಟೇಪ್ ಹಚ್ಚಿ ಎಳೆದು ಬಿಗಿಯಿರಿ.

ಈಗ ಯಾರೂ ಇಲ್ಲದ ಚೌಕಟ್ಟನ್ನು 20 ಸೆಕೆಂಡ್ ತೆಗೆಯಿರಿ. ಇದೇ ಖಾಲಿ ಪ್ಲೇಟ್, ಮುಂದೆ ತೇಪೆ ಹಚ್ಚಲು ಬೇಕಾಗುತ್ತದೆ. ಅದರ ಒಂದು ಸ್ಥಿರಚಿತ್ರ ತೆಗೆದು ಬಳಸಬೇಡಿ. ಸ್ಥಿರಚಿತ್ರದಲ್ಲಿ ಗ್ರೇನ್ (ಚಿತ್ರದ ತುಂಬ ಮಿಣುಕುವ ಸಣ್ಣ ಕಾಳು) ಹೆಪ್ಪುಗಟ್ಟಿರುತ್ತದೆ, ಪಕ್ಕದಲ್ಲಿ ಜೀವಂತ ಗ್ರೇನ್ ಕುದಿಯುತ್ತಿರುವಾಗ ತೇಪೆ ಕಣ್ಣಿಗೆ ಹೊಡೆಯುತ್ತದೆ.

ನಟ ಅಣ್ಣನಾಗಿ ಕೂತಾಗ ಎದುರು ಕುರ್ಚಿ ಖಾಲಿ ಬಿಡಬೇಡಿ. ತಮ್ಮನ ಅಂಗಿಯ ಬಣ್ಣದ್ದೇ ಅಂಗಿ ತೊಟ್ಟ ಡೂಪ್ ಅಲ್ಲಿ ಕೂತಿರಲಿ. ಆ ಅರ್ಧ ಹೇಗೂ ಕತ್ತರಿಸಿ ಹೋಗುತ್ತದೆ, ಆದರೆ ಆತನ ನೆರಳು, ಆತನ ಅಂಗಿಯಿಂದ ಮೇಜಿಗೆ ಬೀಳುವ ಬೆಳಕು, ಅಣ್ಣನ ನೋಟ ನಿಲ್ಲಬೇಕಾದ ಮುಖ ಮೂರೂ ಒಟ್ಟಿಗೆ ಸಿಗುತ್ತವೆ. ತಮ್ಮನ ಮಾತನ್ನೂ ಅವನೇ ಹೇಳಲಿ, ಆದರೆ ನಟ ತಮ್ಮನಾಗಿ ಹೇಗೆ ಹೇಳುತ್ತಾನೋ ಅದೇ ಗತಿಯಲ್ಲಿ. ಇದಕ್ಕಾಗಿ ನಟ ಮೊದಲು ಎರಡೂ ಪಾತ್ರ ಅಭ್ಯಾಸ ಮಾಡಿ ಡೂಪ್‌ಗೆ ತೋರಿಸಿಕೊಡಬೇಕು. ಡೂಪ್ ಗಡಬಡಿಸಿ ಮಾತು ಒಪ್ಪಿಸಿದರೆ ಅಣ್ಣನ ಟೇಕ್‌ನಲ್ಲಿ ಉಳಿಯುವ ಬಿಡುವು ಗಿಡ್ಡವಾಗುತ್ತದೆ, ಆಮೇಲೆ ಪಾಪದ ತಮ್ಮ ಆ ಬಿಡುವಿನೊಳಗೆ ತನ್ನ ಮಾತನ್ನು ತುರುಕಬೇಕು.

ಸಂಭಾಷಣೆಯ ಲಗಾಮು ಯಾರ ಕೈಯಲ್ಲಿದೆಯೋ ಆ ಪಾತ್ರ ಮೊದಲು. ಒಳ್ಳೆಯ ಟೇಕ್ ಒಂದನ್ನು ಆಗಲೇ ಆರಿಸಿ, ಅದರ ಧ್ವನಿಯನ್ನು ಎರಡನೇ ಪಾತ್ರದ ಕಿವಿಗೆ, ಕ್ಯಾಮೆರಾಕ್ಕೆ ಕಾಣದ ಕಿವಿಗೆ, ಸಣ್ಣ ಇಯರ್‌ಪೀಸ್‌ನಲ್ಲಿ ಕೇಳಿಸಿ. ಎಡಿಟಿಂಗ್‌ನಲ್ಲಿ ಎರಡರ್ಧಗಳು ಬೇರೆ ಬೇರೆ ಕ್ಲಿಪ್ ಆಗಿರುವುದರಿಂದ ಒಂದನ್ನು ಎರಡು ಮೂರು ಫ್ರೇಮ್ ಹಿಂದೆ ಮುಂದೆ ಜಾರಿಸಬಹುದು. 25 ಫ್ರೇಮ್‌ನಲ್ಲಿ ಒಂದು ಫ್ರೇಮ್ ಎಂದರೆ 40 ಮಿಲಿಸೆಕೆಂಡ್. ಸಪ್ಪೆಯಾಗಿದ್ದ ಜಗಳ ಮೂರು ಫ್ರೇಮ್ ಮುಂದಕ್ಕೆ ಜಾರಿಸಿದ್ದರಿಂದಲೇ ಕಾವೇರಬಹುದು.

ಹೊಲಿಗೆಯ ಅಂಚನ್ನು 10ರಿಂದ 20 ಪಿಕ್ಸೆಲ್ ಮಸುಕು ಮಾಡಿದರೆ ಸಾಕು. ದೊಡ್ಡ ಅಳತೆಯ 4ಕೆಯಲ್ಲಿ ತೆಗೆದು ಅದಕ್ಕಿಂತ ಸಣ್ಣ 1080ರಲ್ಲಿ ಮುಗಿಸಿದರೆ, ಕೂಡಿಸಿದ ಮೇಲೆ ನಿಧಾನವಾಗಿ ಒಳಕ್ಕೆ ಸರಿಯುವ ಸುಳ್ಳು ಚಲನೆಯನ್ನೂ ಕೊಡಬಹುದು. ನೋಡುವವರಿಗೆ ಕ್ಯಾಮೆರಾ ಚಲಿಸಿದಂತೆ ಅನ್ನಿಸಿದ ಕೂಡಲೇ ಅನುಮಾನ ಅರ್ಧ ಕರಗುತ್ತದೆ.

ಹೊರಾಂಗಣದಲ್ಲಾದರೆ ಗಡಿಯಾರ ನೋಡಿಕೊಳ್ಳಿ. ಸೂರ್ಯ 4 ನಿಮಿಷಕ್ಕೆ 1 ಡಿಗ್ರಿ ಸರಿಯುತ್ತಾನೆ. ವೇಷ ಬದಲಿಸಲು 40 ನಿಮಿಷ ಹಿಡಿದರೆ ಸೂರ್ಯ 10 ಡಿಗ್ರಿ ಸರಿದಿರುತ್ತಾನೆ, ನೆರಳೂ ಜಾಗ ಬಿಟ್ಟಿರುತ್ತದೆ.

ಪ್ರಶ್ನೆ: ಹೊಲಿಗೆ ಎಲ್ಲಿಯೂ ಕಾಣದಂತೆ ಮಾಡಿದ್ದೇವೆ. ಆದರೂ ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಿಲ್ಲ ಅನ್ನಿಸುತ್ತದೆ.

ಲುಕ್, ಅಂದರೆ ನೋಟದ ದಿಕ್ಕು, ತಪ್ಪಿದೆ. ದ್ವಿಪಾತ್ರ ಸೋಲುವುದು ಹೊಲಿಗೆಗಿಂತ ಹೆಚ್ಚಾಗಿ ಕಣ್ಣಿನಲ್ಲಿ. ಒಂದು ಮೀಟರ್ ದೂರದಲ್ಲಿ ಗುರುತು 5 ಸೆಂ.ಮೀ. ಅತ್ತಿತ್ತಾದರೆ ನೋಟ ಸುಮಾರು 3 ಡಿಗ್ರಿ ತಪ್ಪುತ್ತದೆ, ಎದುರಿನವನ ಕಣ್ಣಿನ ಬದಲು ಕಿವಿ ನೋಡಿದ ಹಾಗೆ.

ಇನ್ನೊಂದು ತಪ್ಪು ಸೂಕ್ಷ್ಮದ್ದು. ಖಾಲಿ ಕುರ್ಚಿಯ ಹಿಂದಿನ ಗೋಡೆಗೆ ಚುಕ್ಕೆ ಅಂಟಿಸಿ 'ಅದನ್ನು ನೋಡು' ಎನ್ನುತ್ತಾರೆ. ದಿಕ್ಕು ಸರಿ, ದೂರ ತಪ್ಪು. ಹತ್ತಿರದ ಮುಖ ನೋಡುವಾಗ ಎರಡು ಕಣ್ಣುಗುಡ್ಡೆಗಳು ಒಳಕ್ಕೆ ವಾಲುತ್ತವೆ, ದೂರದ ಗೋಡೆ ನೋಡುವಾಗ ಹೆಚ್ಚುಕಮ್ಮಿ ಸಮಾನಾಂತರವಾಗಿರುತ್ತವೆ. ಕ್ಲೋಸಪ್‌ನಲ್ಲಿ ಅಣ್ಣ ತಮ್ಮನ ಮೂಲಕ ಹಾದು ಇನ್ನೆಲ್ಲೋ ನೋಡುತ್ತಿರುವಂತೆ ಕಾಣುವುದು ಇದರಿಂದ. ಡೂಪ್ ಕೂರಿಸಲು ಆಗದಿದ್ದರೆ ಕುರ್ಚಿಗೆ ಕೋಲು ಕಟ್ಟಿ, ಕಣ್ಣಿನ ಎತ್ತರಕ್ಕೆ ಎರಡು ಚುಕ್ಕೆ ಅಂಟಿಸಿ. ತಮ್ಮ ನಡುವೆ ಎದ್ದು ನಿಲ್ಲುವುದಿದ್ದರೆ ಕೋಲನ್ನೂ ಅದೇ ವೇಗದಲ್ಲಿ ಮೇಲಕ್ಕೆತ್ತಲು ಒಬ್ಬರು ಬೇಕು. ಕಣ್ಣು ಏರುವ ವೇಗ ಕೂಡ ಸುಳ್ಳು ಹೇಳಬಾರದು.

ಪ್ರಶ್ನೆ: ಇಬ್ಬರೂ ಕೈಕುಲುಕುವುದು, ಅಪ್ಪಿಕೊಳ್ಳುವುದು ಹೇಗೆ?

ಅಪ್ಪುಗೆಗೆ ಸಜೆಷನ್ ಶಾಟ್: ಒಬ್ಬನ ಮುಖ, ಇನ್ನೊಬ್ಬನ ಬೆನ್ನು. ಬೆನ್ನು ಡೂಪ್‌ನದು. ಡೂಪ್ ಆರಿಸುವಾಗ ಮುಖ ನೋಡಬೇಡಿ, ಕತ್ತಿನ ಹಿಂದಿನ ಕೂದಲ ಗೆರೆ, ಕಿವಿ, ಭುಜದ ಅಗಲ ನೋಡಿ. ಕೈಕುಲುಕುವುದಕ್ಕೆ ಹೊಲಿಗೆಯನ್ನು ಡೂಪ್‌ನ ತೋಳಿನ ಅಂಚಿಗೆ, ಅಂಗಿಯ ಕಫ್ ಹತ್ತಿರ, ತಂದು ನಿಲ್ಲಿಸಬಹುದು, ಆದರೆ ಇಬ್ಬರ ತೋಳೂ ಅಲ್ಲಾಡಬಾರದು. ದುಡ್ಡಿದ್ದವರ ದಾರಿ ಬೇರೆ. 2010ರ 'ದಿ ಸೋಷಿಯಲ್ ನೆಟ್‌ವರ್ಕ್'ನಲ್ಲಿ ಅವಳಿಗಳಲ್ಲಿ ಒಬ್ಬನ ಮೈ ಜಾಶ್ ಪೆನ್ಸ್ ಅವರದು, ಮುಖ ಮಾತ್ರ ಆರ್ಮಿ ಹ್ಯಾಮರ್ ಅವರದನ್ನು ಕಂಪ್ಯೂಟರಿನಲ್ಲಿ ಕೂರಿಸಿದ್ದು.

ಪ್ರಶ್ನೆ: ಒಂದು ಪಾತ್ರಕ್ಕೆ ಮೀಸೆ, ಇನ್ನೊಂದಕ್ಕಿಲ್ಲ. ಯಾವುದು ಮೊದಲು?

ಅಂಟಿಸುವ ಮೀಸೆಯಾದರೆ ಬೋಳು ಮುಖ ಮೊದಲು. ಗಮ್ ಬಿಡಿಸಿದ ಮೇಲೆ ಮೇಲ್ದುಟಿಯ ಮೇಲಿನ ಚರ್ಮ ಕೆಂಪಗಾಗಿರುತ್ತದೆ, ಪೌಡರ್ ಬಳಿದರೂ ಕ್ಲೋಸಪ್‌ನಲ್ಲಿ ಅಡಗದು. ನಿಜವಾದ ಮೀಸೆಯಾದರೆ ತಿರುಗಮುರುಗ: ಮೀಸೆಯ ದೃಶ್ಯಗಳೆಲ್ಲ ಮುಗಿದು, ಫೂಟೇಜ್ ಪರೀಕ್ಷಿಸಿ, ಆಮೇಲೆ ಬ್ಲೇಡ್. ಲಗಾಮು ಹಿಡಿದ ಪಾತ್ರ ಮೊದಲು ಎಂದೆವಲ್ಲ, ಅದಕ್ಕೂ ಇದಕ್ಕೂ ತಿಕ್ಕಾಟ ಬಂದರೆ ಮೀಸೆಯೇ ಗೆಲ್ಲಲಿ. ಗತಿಯನ್ನು ಅಭ್ಯಾಸದಿಂದ ಹಿಡಿಯಬಹುದು, ಚರ್ಮಕ್ಕೆ ಹೇಳಿ ಕೇಳಿಸಲಾಗದು.

ಪ್ರಶ್ನೆ: ಮಾರುವೇಷವೂ ದ್ವಿಪಾತ್ರವೇ?

ಅಲ್ಲ. ಕಥೆಯೊಳಗೆ ಎರಡು ಜೀವಗಳಿರಬೇಕು. 1996ರ 'ಅವ್ವೈ ಷಣ್ಮುಗಿ'ಯಲ್ಲಿ ಕಮಲ್ ಹಾಸನ್ ಅಜ್ಜಿಯಾಗುವುದು ವೇಷ, ಪಾತ್ರ ಒಂದೇ. 1964ರ 'ನವರಾತ್ರಿ'ಯಲ್ಲಿ ಶಿವಾಜಿ ಗಣೇಶನ್ ಮಾಡಿದ್ದು ಒಂಬತ್ತು ಬೇರೆ ಬೇರೆ ಮನುಷ್ಯರನ್ನು. ಕಮಲ್ ಅವರ 'ದಶಾವತಾರಂ' (2008) ಹತ್ತಕ್ಕೆ ಹೋಯಿತು. ಇಂಥ ಚಿತ್ರಗಳಲ್ಲಿ ಮೇಕಪ್ಪಿನ ಪದರ ಎಷ್ಟಿತ್ತು ಎನ್ನುವ ಚರ್ಚೆ ಅತಿಯಾಗಿ, ನಡಿಗೆ ಎಷ್ಟು ಬದಲಾಯಿತು ಎನ್ನುವುದು ಹಿಂದೆ ಬೀಳುತ್ತದೆ ಎಂಬುದು ನಮ್ಮ ತಕರಾರು.

ಪ್ರಶ್ನೆ: ಭಾರತದಲ್ಲಿ ದ್ವಿಪಾತ್ರ ಮೊದಲು ಮಾಡಿದವರು ಯಾರು?

ಅಣ್ಣಾ ಸಾಳುಂಕೆ. ಫಾಲ್ಕೆಯವರ 1917ರ 'ಲಂಕಾ ದಹನ'ದಲ್ಲಿ ರಾಮನೂ ಅವರೇ, ಸೀತೆಯೂ ಅವರೇ.

ಪ್ರಶ್ನೆ: ಇತ್ತೀಚಿನ ಚಿತ್ರಗಳಲ್ಲಿ ಕ್ಯಾಮೆರಾ ಓಡಾಡುತ್ತಿದ್ದರೂ ಇಬ್ಬರೂ ಕಾಣುತ್ತಾರಲ್ಲ?

ಅದು ಮೋಷನ್ ಕಂಟ್ರೋಲ್. ಕಂಪ್ಯೂಟರ್ ನಡೆಸುವ ಮೋಟಾರುಗಳು ಕ್ಯಾಮೆರಾದ ಮೊದಲ ಚಲನೆಯನ್ನು ನೆನಪಿಟ್ಟುಕೊಂಡು ಎರಡನೇ ಸಲ ಫ್ರೇಮಿಗೆ ಫ್ರೇಮ್ ಅದನ್ನೇ ಮಾಡುತ್ತವೆ. 1988ರ 'ಡೆಡ್ ರಿಂಗರ್ಸ್'ನಲ್ಲಿ ಜೆರೆಮಿ ಐರನ್ಸ್ ಅವಳಿ ವೈದ್ಯರಾಗಿ ಜೊತೆಜೊತೆಗೆ ನಡೆದಾಡುವುದು ಹೀಗೆ, ಹೊಲಿಗೆಯೂ ಅವರೊಂದಿಗೇ ಸರಿಯುತ್ತಿರುತ್ತದೆ. ತೊಂದರೆ ಒಂದೇ, ಯಂತ್ರ ನಟನಿಗೆ ಕಾಯುವುದಿಲ್ಲ. ಎರಡನೇ ಸಲ ನಟ ಅರ್ಧ ಹೆಜ್ಜೆ ತಡಮಾಡಿದರೆ ಹೊಲಿಗೆ ಅವನ ಭುಜವನ್ನು ಕತ್ತರಿಸಿಕೊಂಡು ಹೋಗುತ್ತದೆ. ಕೈಯಲ್ಲಿ ಹಿಡಿದ ಮೊಬೈಲ್‌ನಲ್ಲಿ ಇದನ್ನು ಅನುಕರಿಸಲು ಹೊರಡಬೇಡಿ.

ಪ್ರಶ್ನೆ: ಎರಡು ಪಾತ್ರಕ್ಕೂ ಧ್ವನಿ ಒಂದೇ ಥರ ಕೇಳುತ್ತದೆ. ಡಬ್ಬಿಂಗ್‌ನಲ್ಲಿ ಪಿಚ್ ಬದಲಿಸಬಹುದೇ?

ಯಂತ್ರದಲ್ಲಿ ಪಿಚ್ ಇಳಿಸಿದರೆ ಅದು ಇನ್ನೊಬ್ಬ ಮನುಷ್ಯನ ಧ್ವನಿಯಾಗುವುದಿಲ್ಲ, ಡಬ್ಬದೊಳಗಿನ ಧ್ವನಿಯಾಗುತ್ತದೆ. ಬದಲಿಸಬೇಕಾದದ್ದು ಗತಿ, ಉಸಿರು ತೆಗೆದುಕೊಳ್ಳುವ ಜಾಗ, ವಾಕ್ಯದ ಕೊನೆ. ಒಬ್ಬ ಕೊನೆಯ ಪದವನ್ನು ನುಂಗಲಿ, ಇನ್ನೊಬ್ಬ ಪೂರ್ತಿ ಹೇಳಿ ನಿಲ್ಲಿಸಲಿ. ಹಾಡಿಗೆ ಇನ್ನೂ ಸುಲಭದ ದಾರಿಯಿದೆ. 'ಬಬ್ರುವಾಹನ' (1977) ಚಿತ್ರದಲ್ಲಿ ಅರ್ಜುನ, ಬಬ್ರುವಾಹನ ಇಬ್ಬರೂ ರಾಜ್‌ಕುಮಾರ್, ಆದರೆ ಅಪ್ಪ ಮಗ ಹಂಗಿಸಿಕೊಳ್ಳುವ ಆ ಹಾಡಿನಲ್ಲಿ ಒಂದು ಕಂಠ ರಾಜ್ ಅವರದು, ಇನ್ನೊಂದು ಪಿ.ಬಿ. ಶ್ರೀನಿವಾಸ್ ಅವರದು. ಕಣ್ಣು ಮುಚ್ಚಿ ಕೇಳಿದರೂ ಇಬ್ಬರಿದ್ದಾರೆ.

ಡಬ್ಬಿಂಗ್ ಮಾಡುವಾಗ ಒಂದೊಂದು ಸಾಲಿಗೂ ಪಾತ್ರ ಬದಲಿಸುತ್ತ ಕೂರಬೇಡಿ. ಒಂದು ಪಾತ್ರವನ್ನು ಪೂರ್ತಿ ಮುಗಿಸಿ, ಇನ್ನೊಂದನ್ನು ಬೇರೆ ದಿನ ಹಿಡಿಯಿರಿ. ಮೈಕ್‌ನಿಂದ ಬಾಯಿಗೆ ಎಷ್ಟು ದೂರವಿತ್ತೆಂದು ಅಳೆದು ಬರೆದಿಡಿ. ಮೊದಲ ದಿನ ಒಂದು ಗೇಣು, ಎರಡನೇ ದಿನ ಒಂದು ಮೊಳ ಆದರೆ, ಎದುರುಬದುರು ಕೂತವರಲ್ಲಿ ಒಬ್ಬ ಪಕ್ಕದ ಕೋಣೆಯಿಂದ ಉತ್ತರಿಸಿದಂತೆ ಕೇಳುತ್ತದೆ.