ಬೆಳಗಾವಿ ಟ್ರಾಫಿಕ್‌ನ್ಯಾಗ ಅಡಾಪ್ಟಿವ್ ಕ್ರೂಸ್ ಹಾಕಬಹುದೇನ್ರಿ?

ನಿಂತು ನಿಂತು ಹೋಗೋ ಟ್ರಾಫಿಕ್‌ನ್ಯಾಗ ಅಡಾಪ್ಟಿವ್ ಕ್ರೂಸ್ (ಮುಂದಿನ ಗಾಡಿ ನೋಡಿ ತಾನ ವೇಗ ಏರಿಸಿ ಇಳಿಸೋ ವ್ಯವಸ್ಥಾ) ಹಾಕಿ ಕಾಲಿಗೆ ಆರಾಮ ಕೊಡಬಹುದಾ, ಅದಕ್ಕಂತ ರೊಕ್ಕ ಹೆಚ್ಚು ಕೊಟ್ಟು ಮ್ಯಾಲಿನ ಮಾಡೆಲ್ ತಗೋಬೇಕಾ ಅಂತ ಕೇಳೀರಿ. ನನ್ನ ಗಾಡಿಯೊಳಗ ಅದು ಐತಿ, ಎರಡು ವರ್ಷದಿಂದ ಬೆಳಗಾವಿ–ಸಂಕೇಶ್ವರ ಓಡಾಡಾಕತ್ತೀನಿ. ಹೈವೇದಾಗ ಹಾಕ್ರಿ, ಊರೊಳಗ ಬ್ಯಾಡ್ರಿ.

ಶೋರೂಮಿನ್ಯಾಗ ಮೊದಲ ಒಂದು ಮಾತು ಕೇಳ್ರಿ: ಪೂರ್ತಿ ನಿಲ್ಲೋತನಕ ಕೆಲಸ ಮಾಡ್ತೈತೋ ಇಲ್ಲೋ? ಕೆಲವು ಗಾಡಿಯೊಳಗ ವೇಗ 30ರ ಆಸುಪಾಸು ಇಳಿದ ಕೂಡಲೇ ಕ್ರೂಸ್ ಕೈ ಬಿಡ್ತೈತಿ. ಕ್ಲಚ್ ಗಾಡಿಯಂತೂ ಬಿಡ್ರಿ, ಅದು ತಾನ ನಿಂತು ತಾನ ಹೊಂಡಂಗಿಲ್ಲ.

ಚನ್ನಮ್ಮ ಸರ್ಕಲ್‌ನ್ಯಾಗ ನಾ ಒಮ್ಮೆ ಹಾಕಿ ನೋಡೀನಿ. ಮುಂದಿನ ಗಾಡಿಗೆ ಬಿಡೋ ಅಂತರ ಎಲ್ಲಾಕಿಂತ ಕಡಿಮಿ ಇಟ್ಟರೂ ಮುಂದ ಒಂದು ಸ್ಕೂಟಿ ಹಿಡಿಯೋವಷ್ಟು ಜಾಗ ಬಿಡ್ತೈತಿ. ನಮ್ಮೂರಾಗ ಅಷ್ಟು ಜಾಗ ಅಂದ್ರ ಕರದು ಊಟಕ್ಕ ಕುಂದರಿಸಿದಂಗ. ಸ್ಕೂಟಿ ನುಗ್ತು, ಗಾಡಿ ಗಪ್ಪನ ಬ್ರೇಕ್ ಹಿಡೀತು, ಹಿಂದಿನವ ಹಾರ್ನ್ ಮ್ಯಾಲ ಹಾರ್ನ್. ಬಾಜೂಕ ಕುಂತಿದ್ದ ನಮ್ಮ ಕಾಕಾ, "ನೀನ ಹೊಡಿಯೋ ಮಾರಾಯ" ಅಂದ್ರು.

ನಿಂತ ಗಾಡಿ ಮತ್ತ ಹೊಂಡೋದೂ ತಿಳ್ಕೊಂಡಿರ್ರಿ. ಮುಂದಿನವ ಮೂರು ಸೆಕೆಂಡಿನ ಆಸುಪಾಸು ಹೊಂಟ್ರ ನಿಮ್ಮದೂ ತಾನ ಹೊಂಡ್ತೈತಿ. ಅದಕ್ಕಿಂತ ತಡಾ ಆದ್ರ ಬಹಳಷ್ಟು ಗಾಡಿಯೊಳಗ ರೆಸ್ಯೂಮ್ ಬಟನ್ ಒತ್ತಬೇಕು, ಇಲ್ಲಾ ಎಕ್ಸಲರೇಟರ್ ಮುಟ್ಟಬೇಕು. ಎರಡು ಗಾಡಿ ನಡುವ ಚೀಲ ಹಿಡಕೊಂಡು ದಾಟೋ ಅಜ್ಜಿನ್ನ ಮೊದಲ ನೋಡಿ ಆಮ್ಯಾಲ ಒತ್ರಿ.

ಹೈವೇದಾಗ ಮಾತ್ರ ನನಗ ಭಾಳ ಉಪಯೋಗ ಆಗೇತಿ. ವಂಟಮುರಿ ಘಾಟಿನ್ಯಾಗ ಲಾರಿ ಸಾಲು ಹಿಡದು ಏರುವಾಗ ಬ್ರೇಕ್ ಒತ್ತಿ ಬಿಟ್ಟು ಮೊಣಕಾಲು ಹಿಡಕೊಳ್ಳೋದು ತಪ್ಪೇತಿ. ಆದ್ರ ಕಬ್ಬಿನ ಸೀಜನ್ ಚಾಲೂ ಆತಂದ್ರ ಸಂಜಿ ಮ್ಯಾಲ ನಾ ಅದನ್ನ ಮುಟ್ಟಂಗಿಲ್ಲ. ಎರಡು ಟ್ರೇಲರ್ ಕಟ್ಟಿದ ಟ್ರಾಕ್ಟರ್, ಹಿಂದ ಲೈಟ್ ಇಲ್ಲ, ಕಬ್ಬು ಹೊರಗ ಚಾಚಿರ್ತೈತಿ. ಮುಂದಿನ ಗಾಡಿ ಗುರುತು ಹಿಡಿಯೋ ನಮ್ಮ ರೇಡಾರ್ ಇರೋದು ಬಂಪರ್ ಕಡೆ, ತೆಳಗ. ಅದು ಕಬ್ಬಿಣ ಹಿಡದಂಗ ಕಬ್ಬು ಹಿಡಿಯಂಗಿಲ್ಲ. ಟ್ರೇಲರ್‌ಗೆ ಅಂತರ ಇಟ್ಟು ನಿಂತೀನಿ ಅಂತ ಅದು ತಿಳಿದ್ರೂ, ಕಬ್ಬಿನ ತುದಿ ನಿಮ್ಮ ಗಾಜಿಗೆ ಎಷ್ಟು ಹತ್ರ ಐತಿ ಅನ್ನೋದು ಅದಕ್ಕ ಗೊತ್ತಾಗೋದು ಕಷ್ಟ. ಮಳೆಗಾಲದಾಗ ಆ ರೇಡಾರ್ ಮುಖಕ್ಕ ರಾಡಿ ಮೆತ್ತಿದ್ರ ಕ್ರೂಸೇ ಬಂದ್ ಆಗ್ತೈತಿ, ಒಂದು ಅರಿವಿ ಇಟ್ಕೋರಿ.

ಇನ್ನ ಹತ್ತರಗಿ ಟೋಲ್ ಬರೋ ಮೊದಲ ಆಫ್ ಮಾಡ್ರಿ. 80ಕ್ಕ ಸೆಟ್ ಮಾಡಿರ್ತೀರಿ, ಮುಂದಿನ ಗಾಡಿ ಬ್ಯಾರೆ ಸಾಲಿಗೆ ಹೊರಳಿತು ಅನ್ರಿ. ದಾರಿ ಖಾಲಿ ಆತು ಅಂತ ನಿಮ್ಮ ಗಾಡಿ ಆ 80 ಹಿಡಿಯಾಕ ಜಿಗೀತೈತಿ. ಅಲ್ಲೇ ಮುಂದ ಲಾರಿ ನಿಂತಿರ್ತೈತಿ. ಮೊದಲಿಂದ ನಿಂತಿರೋ ವಸ್ತು ಈ ಯಂತ್ರಕ್ಕ ತಡಾ ಕಾಣ್ತೈತಿ, ಒಮ್ಮೊಮ್ಮೆ ಕಾಣಂಗೇ ಇಲ್ಲ.